ದಿಲ್ಶಾದಳ ಕರಿಎಲೆ

ದಿಲ್ಶಾದಳಿಗೆ ವಿಮಾನ ಹತ್ತಬೇಕೆಂಬ ಆಸೆ ಯಾವತ್ತೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಇಳಿಯಲು ಹೊರಟ ವಿಮಾನ ಸವಣೂರಿನ ಮೇಲೆ ಹಾದುಹೋದರೆ ಅವಳು ತಲೆ ಎತ್ತಿ ನೋಡುತ್ತಿರಲಿಲ್ಲ. ಅವಳ ತಲೆಯೊಳಗೆ ಹೊಕ್ಕು ಕೂತಿದ್ದು ಬೇರೆ ಪ್ರಶ್ನೆ. ಮನೆಯಷ್ಟು ದೊಡ್ಡ ಲೋಹದ ವಸ್ತುವೊಂದು ಬಟಾಬಯಲಿನಂಥ ಆಕಾಶದಲ್ಲಿ ಹೋಗುತ್ತಿದ್ದರೂ ರಾಡಾರಿನ ಕಣ್ಣಿಗೆ ಬೀಳದೆ ಇರುವುದು ಹೇಗೆ?

ಈ ಪ್ರಶ್ನೆ ಹುಟ್ಟಿದ್ದು ಬಸ್ಸಿನಲ್ಲಿ. ಸವಣೂರಿನಿಂದ ಶಿಗ್ಗಾಂವಿಗೆ ಅವಳು ದಿನವೂ ಕೆಲಸಕ್ಕೆ ಹೋಗುತ್ತಿದ್ದಳು. ಮೂವತ್ತು ದಾಟಿದ, ಮದುವೆಯಾಗದ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡ ಹೆಣ್ಣುಮಗಳನ್ನು ಬಸ್ಸಿನ ಗಂಡಸರು ನೋಡುವ ಬಗೆ ಅವಳಿಗೆ ಹೇಸಿಗೆ ತರಿಸುತ್ತಿತ್ತು. ಬುರ್ಖಾ ಹಾಕಿದರೂ ನೋಡುತ್ತಿದ್ದರು, ಹಾಕದಿದ್ದರೂ ನೋಡುತ್ತಿದ್ದರು. ಹಾಗೆ ಕಿಟಕಿಗೆ ಮುಖ ಮಾಡಿ ಕೂತಿದ್ದ ಒಂದು ದಿನ ಮೊಬೈಲಿನಲ್ಲಿ ರಾಡಾರಿಗೆ ಸಿಗದ ಯುದ್ಧವಿಮಾನಗಳ ಬಗ್ಗೆ ಒಂದು ವಿಡಿಯೊ ಕಂಡಿತು. ಅವು ಮಾಯವಾಗುವುದಿಲ್ಲ. ತಮ್ಮ ಮೇಲೆ ಬಂದು ಬಿದ್ದ ಅಲೆಯನ್ನು ಬಂದ ದಾರಿಯಲ್ಲಿ ವಾಪಸು ಕಳಿಸುವುದಿಲ್ಲ, ಅಷ್ಟೇ. ಕನ್ನಡಿಯನ್ನು ಓರೆಯಾಗಿ ಹಿಡಿದರೆ ಬಿಸಿಲು ನಮ್ಮ ಮುಖಕ್ಕೆ ಬಾರದೆ ಪಕ್ಕದ ಮನೆಯ ಗೋಡೆಗೆ ಹೋಗುತ್ತದಲ್ಲ, ಹಾಗೆ. ನೋಟ ಬಂದು ತಾಗಿದರೂ ಜಾರಿ ಬೇರೆ ಕಡೆ ಹೋಗುವಂಥ ಆಕಾರವೊಂದಿದೆ ಎಂದು ತಿಳಿದ ಮೇಲೆ, ಅದನ್ನು ತಾನೇ ಮಾಡಿ ನೋಡದೆ ಅವಳಿಗೆ ಸಮಾಧಾನವಾಗಲಿಲ್ಲ.

ಅವಳು ಹಾವೇರಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವಳು. ಓದಿಗೆ ತಕ್ಕ ಕೆಲಸ ಸಿಗದೆ, ಶಿಗ್ಗಾಂವಿಯ ಹಳೇ ಹೆದ್ದಾರಿಯ ಬದಿಗೆ ಶಂಭುಲಿಂಗ ಎಂಬಾತ ನಡೆಸುತ್ತಿದ್ದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವ ಕೆಲಸಕ್ಕೆ ಸೇರಿದ್ದಳು. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಬೀಜದ ಕಂಪನಿಯ ಜಾಹೀರಾತು, ಮುಖಂಡರ ಬೋಳು ತಲೆಗೆ ಕೂದಲು. ಇವೇ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲೂ, ರಾತ್ರಿ ಮನೆಯ ಪಡಸಾಲೆಯಲ್ಲೂ ಆಕೆ ತನ್ನ ಲ್ಯಾಪ್‌ಟಾಪ್ ತೆಗೆದು ಪರದೆಯ ಮೇಲೆ ವಿಮಾನವನ್ನು ಕಟ್ಟುತ್ತಿದ್ದಳು. ಶಂಭುಲಿಂಗ ಹಿಂದೆ ಬಂದು ನಿಂತು ನೋಡಿ, "ಏನ ಮಾಡ್ತೀಯೋ ಮಾಡು ತಂಗಿ, ಕೆಲಸ ನಿಲ್ಲಬಾರ್ದು ಅಷ್ಟ," ಎನ್ನುತ್ತಿದ್ದ. ಆಗ ಅವಳಿಗೆ ಆತ ಒಳ್ಳೆಯ ಮನುಷ್ಯನಾಗಿಯೇ ಕಂಡಿದ್ದ.

ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದು: ಚೂಪು ಮೂಗು, ಎರಡು ರೆಕ್ಕೆ, ಹಿಂದೆ ನೆಟ್ಟಗೆ ನಿಂತ ಬಾಲ. ಓದುತ್ತ ಹೋದಂತೆ ನೆಟ್ಟಗೆ ನಿಂತದ್ದೆಲ್ಲ ರಾಡಾರಿಗೆ ಕೈ ಬೀಸಿ ಕರೆದಂತೆ ಎಂದು ತಿಳಿಯಿತು. ಬಾಲ ಕಿತ್ತು ಹಾಕಿದಳು. ಬಾಲ ಹೋದ ಮೇಲೆ ವಿಮಾನ ತೂಕಡಿಸುವವನ ತಲೆಯಂತೆ ಅತ್ತಿತ್ತ ವಾಲುತ್ತದೆ. ಅದಕ್ಕೆ ರೆಕ್ಕೆಯ ತುದಿಯಲ್ಲಿ ಬಾಯಿ ತೆರೆಯುವ ಪಟ್ಟಿಗಳನ್ನು ಇಟ್ಟಳು. ಎಂಜಿನ್ನಿನ ಪಂಖ ಎದುರಿನಿಂದ ಕಾಣಬಾರದೆಂದು ಗಾಳಿ ಒಳಹೋಗುವ ದಾರಿಯನ್ನು ಬೆನ್ನ ಮೇಲಿಟ್ಟು ಹಾವಿನಂತೆ ತಿರುಗಿಸಿದಳು. ಬಿಸಿ ಹೊಗೆ ಹೊರಬರುವ ಬಾಯಿಯನ್ನು ಚಪ್ಪಟೆ ಮಾಡಿದಳು. ಅಂಚುಗಳನ್ನೆಲ್ಲ ಒಂದೆರಡೇ ದಿಕ್ಕಿಗೆ ಓರೆಯಾಗುವಂತೆ ಜೋಡಿಸಿದಳು. ಕೊನೆಗೆ ಪರದೆಯ ಮೇಲೆ ಉಳಿದದ್ದು ತುದಿ ಚೂಪಾದ, ಬುಡ ಅಗಲವಾದ, ನಡುವೆ ಸಣ್ಣಗೆ ಉಬ್ಬಿದ ಕಪ್ಪು ಆಕಾರ.

ಅದನ್ನು ಅವಳು ಮನೆಯಲ್ಲಿ ತೋರಿಸಿದಾಗ ಅಪ್ಪ ಫಕ್ರುಸಾಬ ಎಲೆಯ ಪೆಂಡಿ ಕಟ್ಟುತ್ತಿದ್ದ. ಸವಣೂರಿನ ವೀಳ್ಯದೆಲೆಯನ್ನು ಊರೂರಿಗೆ ಕಳಿಸುವ ಸಣ್ಣ ವ್ಯಾಪಾರ ಅವನದು. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಹತ್ತಿರ ಬಂದು ನೋಡಿದ.

"ಇದು ಎಲಿ ಅಲ್ಲೇನು ಬೇಟಾ? ಕರಿಎಲಿ."

ಹೆಸರು ಹಾಗೆ ಬಂತು. ಫಕ್ರುಸಾಬ ಇನ್ನೊಂದು ಮಾತು ಕೇಳಿದ. "ಹಾರಾಕ ಹಚ್ಚೀದಿ, ಖರೆ. ಇಳಿಸೋದು ಹೆಂಗ? ಗಾಲಿ ಎಲ್ಲಿ ಅದಾವ?"

ಗಾಲಿ ಅವಳು ಮಾಡಿರಲೇ ಇಲ್ಲ. ಅಪ್ಪ ಮಗಳು ಇಬ್ಬರೂ ನಕ್ಕರು. ರೊಟ್ಟಿ ಬಡಿಯುತ್ತಿದ್ದ ತಾಯಿ ಹುಸೇನಬಿ ಮಾತ್ರ ನಗಲಿಲ್ಲ. "ಹೊಟ್ಟ್ಯಾಗ ಎರಡು ಬಾಗಲಾ ಇಟ್ಟೀಯಲ್ಲ, ಅವು ಯಾತಕ್ಕ?" ಎಂದು ಕೇಳಿದಳು.

"ಬಾಂಬ್ ಇಡಾಕ ಅಮ್ಮಾ. ಹೊರಗ ತೂಗಹಾಕಿದ್ರ ಕಾಣಿಸ್ತಾವ."

ಹುಸೇನಬಿ ಪರದೆಯನ್ನು ಮತ್ತೊಮ್ಮೆ ನೋಡಿ, "ಇಷ್ಟು ಚಂದ ಮಾಡಿ ಅದನ್ನ ಇಡ್ತಿಯೇನು," ಎಂದು ಹಂಚಿನ ಕಡೆ ತಿರುಗಿದಳು. ದಿಲ್ಶಾದ ಗಾಲಿ ಮಾಡಿದಳು. ಹೊಟ್ಟೆಯ ಬಾಗಿಲುಗಳನ್ನು ಉಳಿಸಿದಳು. ಒಳಗೆ ಏನನ್ನೂ ಇಡಲಿಲ್ಲ.

ಹುಬ್ಬಳ್ಳಿಯಲ್ಲಿ ಮೊಬೈಲ್ ಆಟಗಳನ್ನು ಮಾಡುವ ಸಣ್ಣ ಕಂಪನಿಯೊಂದು ಕಾಲ್ಪನಿಕ ಯುದ್ಧವಿಮಾನದ ವಿನ್ಯಾಸಕ್ಕೆ ಸ್ಪರ್ಧೆ ಕರೆದಿತ್ತು. ಅವಳು ಕರಿಎಲೆಯನ್ನು ಕಳಿಸಿದಳು. ಮೋಡದ ನಡುವೆ ಅದು ನಿಧಾನ ಹೊರಳುವ ಚಿಕ್ಕ ವಿಡಿಯೊ ಮಾಡಿ ಇಂಟರ್ನೆಟ್ಟಿನಲ್ಲೂ ಹಾಕಿದಳು. ಕೆಳಗೆ 'ಕಾಲ್ಪನಿಕ' ಎಂದು ಬರೆದು, ಮೂಲೆಯಲ್ಲಿ 'ದಿಲ್ಶಾದ, ಸವಣೂರು' ಎಂದು ಸಣ್ಣ ಅಕ್ಷರದಲ್ಲಿ ಹಾಕಿದ್ದಳು. ಬಹುಮಾನ ಬರಲಿಲ್ಲ. ಕಂಪನಿಯವರು ಉತ್ತರವನ್ನೂ ಬರೆಯಲಿಲ್ಲ. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ತಾನು ಹಿಡಿದ ಲೆಕ್ಕವನ್ನು ತಾನೇ ಬಿಡಿಸಿದ್ದಳು, ಅಷ್ಟು ಸಾಕಾಗಿತ್ತು.

ಮಾರನೆಯ ವರ್ಷ ಗಡಿಯಲ್ಲಿ ಗದ್ದಲ ಎದ್ದಿತು. ಟಿವಿಯವರ ಗಂಟಲು ಹರಿಯುವಂಥ ವಾರ ಅದು. ಒಂದು ಸಂಜೆ ಊಟಕ್ಕೆ ಕೂತಾಗ ಅಣ್ಣ ಇರ್ಫಾನ ತನ್ನ ಮೊಬೈಲನ್ನು ತಾಟಿನ ಪಕ್ಕಕ್ಕಿಟ್ಟು ಎಲ್ಲರಿಗೂ ತೋರಿಸಿದ. ಅವನದು ಸವಣೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ.

"ನೋಡ್ರಿ, ನಮ್ಮ ದೇಶದ ಹೊಸಾ ವಿಮಾನ. ಗುಪ್ತ ಇಟ್ಟಿದ್ರಂತ ಇಷ್ಟ ದಿನ."

ಮೋಡದ ನಡುವೆ ಕರಿಎಲೆ ಹೊರಳುತ್ತಿತ್ತು. ಹಿಂದೆ ನಗಾರಿಯ ಸದ್ದು, ಗಡುಸು ದನಿಯ ಒಬ್ಬ ಗಂಡಸಿನ ಭಾಷಣ. 'ಕಾಲ್ಪನಿಕ' ಎಂಬ ಪದವನ್ನು ಕತ್ತರಿಸಿ ಹಾಕಿದ್ದರು. ಮೂಲೆಯ ಹೆಸರನ್ನು ಉಜ್ಜಿ ಮಸುಕು ಮಾಡಿದ್ದರು.

"ಇದು ನಂದು," ಎಂದಳು ದಿಲ್ಶಾದ.

"ಸುಮ್ನ ಕುಂದ್ರು. ನಾ ಇದ್ದಬದ್ದ ಗ್ರೂಪಿಗೆಲ್ಲಾ ಹಾಕೇನಿ. ನಾವೂ ದೇಶದ ಪರ ಅದೇವಿ ಅಂತ ನಾಕ್ ಮಂದಿಗೆ ಗೊತ್ತಾಗ್ಲಿ."

ಎರಡು ವರ್ಷ ಅದೇ ಪಡಸಾಲೆಯಲ್ಲಿ ಅವಳು ಅದನ್ನು ಮಾಡಿದ್ದಳು. ಅಣ್ಣ ಒಮ್ಮೆಯೂ ಈ ಕಡೆ ತಿರುಗಿ ನೋಡಿರಲಿಲ್ಲ ಎಂಬುದು ಆ ಹೊತ್ತಿಗೆ ಅವಳಿಗೆ ಅರ್ಥವಾಯಿತು. ಅವನ ಕೈಯಿಂದ ಮೊಬೈಲು ತೆಗೆದುಕೊಂಡು ಕೆಳಗಿನ ಮಾತುಗಳನ್ನು ಓದಿದಳು. ಒಂದೂ ಮನೆ ಉಳಿಯಬಾರದು ಎಂದು ಒಬ್ಬ. ತೊಟ್ಟಿಲಲ್ಲಿರುವುದನ್ನೂ ಬಿಡಬೇಡಿ ಎಂದು ಇನ್ನೊಬ್ಬ. ಅದರ ಕೆಳಗೆ ಹಲ್ಲು ಕಿರಿಯುವ ಹಳದಿ ಮುಖಗಳ ಸಾಲು. ಬರೆದವರು ಯಾರೋ ದೂರದ ರಾಕ್ಷಸರಲ್ಲ. ಒಬ್ಬ ತನ್ನ ಚಿತ್ರದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಇನ್ನೊಬ್ಬ ಅವಳ ಅಂಗಡಿಯಲ್ಲೇ ಮದುವೆಯ ಬ್ಯಾನರ್ ಮಾಡಿಸಿಕೊಂಡು ಹೋಗಿದ್ದವನು. ದಿಲ್ಶಾದ ತಾಟು ಬಿಟ್ಟು ಎದ್ದಳು. ಇದು ತಾನು ಮಾಡಿದ ಕಲ್ಪನೆ, ನಿಜವಾದ ವಿಮಾನವಲ್ಲ ಎಂದು ಅದರ ಕೆಳಗೆ ಬರೆದಳು. ಸ್ವಲ್ಪ ಹೊತ್ತಿಗೆ ಅವಳ ಮಾತನ್ನು ಅಳಿಸಿದ್ದರು. ಅಳಿಸುವ ಮೊದಲು ಬಂದಿದ್ದ ಉತ್ತರಗಳನ್ನು ಇಲ್ಲಿ ಬರೆಯುವಂತಿಲ್ಲ.

ಆ ವಾರವೇ ಶಿಗ್ಗಾಂವಿಯ ಅಂಗಡಿಗೆ ನಾಗಪ್ಪ ಬಂದ. ದಿನಸಿ ಕಾಳಿನ ವ್ಯಾಪಾರಿ, ಮುಂದಿನ ಚುನಾವಣೆಗೆ ನಿಲ್ಲಬೇಕೆಂದು ಓಡಾಡುತ್ತಿದ್ದವನು. ಜೊತೆಗೆ ಹಿಂಬಾಲಕರು. ತನ್ನ ಮೊಬೈಲಿನಿಂದ ಒಂದು ಚಿತ್ರ ಕಳಿಸಿ ದಿಲ್ಶಾದಳ ಎದುರು ಕುರ್ಚಿ ಎಳೆದುಕೊಂಡು ಕೂತ.

"ಇದು ನಡುವ ದೊಡ್ಡದಾಗಿ ಬರ್ಲಿ. ಮ್ಯಾಲೆ ನಾನು, ಕೈ ಮುಗಕೊಂಡು. ಕೆಳಗ ನಮ್ಮ ಹುಡುಗರ ಫೋಟೋ ಸಾಲಾಗಿ. ಮೂಲ್ಯಾಗ ಒಂದು ಕಲೆ ಐತಿ ನೋಡು, ಅದನ್ನ ತಗದುಬಿಡು."

"ಅದು ಕಲೆ ಅಲ್ರೀ. ನನ್ನ ಹೆಸರು."

ನಾಗಪ್ಪನಿಗೆ ಅರ್ಥವಾಗಲಿಲ್ಲ. ಅವಳು ಲ್ಯಾಪ್‌ಟಾಪ್ ಅವನತ್ತ ತಿರುಗಿಸಿ ಕರಿಎಲೆಯ ಫೈಲು ತೆಗೆದಳು. ಹೊರಗಿನ ಚರ್ಮ ಕಳಚಿ ಒಳಗಿನ ಬರೀ ಗೆರೆಗಳನ್ನು ತೋರಿಸಿದಳು. ಗಾಲಿ ಇಳಿಸಿದಳು, ಏರಿಸಿದಳು. ಇದು ಎಲ್ಲೂ ಇಲ್ಲದ ವಿಮಾನ, ನನ್ನ ತಲೆಯಿಂದ ಬಂದದ್ದು ಎಂದು ಬಿಡಿಸಿ ಹೇಳಿದಳು. ಹಿಂಬಾಲಕರು ಬಗ್ಗಿ ನೋಡಿದರು. ಅವರು ನಗುತ್ತಾರೆ ಎಂದುಕೊಂಡಿದ್ದಳು, ಇಲ್ಲವೆ ನಾಚುತ್ತಾರೆ ಎಂದು. ಎರಡೂ ಆಗಲಿಲ್ಲ.

"ಹಂಗಾರ ಇದು ನಿನ್ನ ಹಂತೇಕ ಹೆಂಗ ಬಂತು?" ಎಂದ ನಾಗಪ್ಪ.

"ಬಂದಿಲ್ರೀ. ನಾ ಮಾಡೇನಿ."

"ಸರಕಾರ ಮಾಡಿದ್ದನ್ನ ನೀ ಹೆಂಗ ಮಾಡ್ತಿ?"

"ಸರಕಾರ ಇದನ್ನ ಮಾಡೇ ಇಲ್ರಿ."

"ಇಲ್ಲದ್ದು ನ್ಯೂಸ್‌ನ್ಯಾಗ ಹೆಂಗ ಬರ್ತೈತಿ?" ನಾಗಪ್ಪ ಹಿಂದಿದ್ದವರ ಕಡೆ ತಿರುಗಿದ. "ಒಳಗಿನ ನಕ್ಷಾ ಸಹಿತ ಐತಿ ನೋಡ್ರಲೇ ಇಕಿ ಕಡೆ. ಹೆಸರು ಏನಂದಿ?"

ಹೆಸರು ಕೇಳಿದ ಮೇಲೆ ಅವನ ಮುಖದಲ್ಲಿ ಮೂಡಿದ ತೃಪ್ತಿಯನ್ನು ದಿಲ್ಶಾದ ಇವತ್ತಿಗೂ ಮರೆತಿಲ್ಲ. ಎಲ್ಲ ತಿಳಿಯಿತು ಎಂಬಂಥ ಮುಖ. ಅವನು ಅವಳನ್ನೂ ಪರದೆಯನ್ನೂ ಸೇರಿಸಿ ಫೋಟೋ ಹೊಡೆದುಕೊಂಡ. ಅವಳು ಶಂಭುಲಿಂಗನ ಕಡೆ ನೋಡಿದಳು. ಎರಡು ವರ್ಷ ತನ್ನ ಬೆನ್ನ ಹಿಂದೆ ನಿಂತು ಆ ವಿಮಾನ ಬೆಳೆಯುವುದನ್ನು ನೋಡಿದವನು ಅಲ್ಲಿದ್ದವರಲ್ಲಿ ಅವನೊಬ್ಬನೇ. ಶಂಭುಲಿಂಗ ಮಶೀನಿನ ಮೇಲಿನ ಧೂಳು ಒರೆಸುತ್ತಿದ್ದ.

"ಅಣ್ಣಾರ, ನೀವರ ಹೇಳ್ರಿ," ಎಂದಳು.

"ನನಗ ಇದರಾಗಿಂದು ಏನ್ ತಿಳೀತೈತಿ ತಂಗಿ," ಎಂದ ಶಂಭುಲಿಂಗ. ನಾಗಪ್ಪನಿಗೆ, "ಬ್ಯಾನರ್ ಸಂಜಿಗೆ ಕೊಡ್ತೇನ್ರಿ," ಎಂದ.

ಬ್ಯಾನರನ್ನು ಅವನೇ ಮಾಡಿದ. ಅವಳ ಹೆಸರಿದ್ದ ಜಾಗಕ್ಕೆ ಆಕಾಶದ ಬಣ್ಣ ತುಂಬಿದ. ಮಶೀನು ಶಾಯಿ ಉಗುಳುತ್ತ ಅತ್ತಿಂದಿತ್ತ ಓಡಾಡಿ ಕರಿಎಲೆಯನ್ನು ಗೇಣು ಗೇಣಾಗಿ ಹೊರಗೆ ಬಿಟ್ಟಿತು. ಮೇಲೆ ನಾಗಪ್ಪ ಕೈ ಮುಗಿದುಕೊಂಡು ನಿಂತಿದ್ದ. ಶಾಯಿಯ ವಾಸನೆ ದಿನವೂ ಕುಡಿಯುವ ಗಾಳಿಯಾಗಿತ್ತು ಅವಳಿಗೆ. ಅವತ್ತು ಅದನ್ನು ಮೂಸಲಾರದೆ ಎದ್ದಳು. ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ನಡೆದಳು.

ಮರುದಿನದ ಹೊತ್ತಿಗೆ ಅವಳ ಫೋಟೋ ಎಲ್ಲ ಕಡೆ ಹೋಗಿತ್ತು. ಗುಪ್ತ ವಿಮಾನದ ನಕ್ಷೆ ಸವಣೂರಿನ ಹೆಣ್ಣಿನ ಬಳಿ ಸಿಕ್ಕಿತು, ಯಾರಿಗೆ ಕಳಿಸುತ್ತಿದ್ದಳೋ, ಎಂದು. ಇಲ್ಲದ ವಿಮಾನ ನಿಜವಾಗಿಹೋಯಿತು, ಅದನ್ನು ಮಾಡಿದವಳು ಕಳ್ಳಿಯಾದಳು. ನಾಗಪ್ಪನಂಥವರು ಹಾಗೆ ಮಾಡಿದರೆಂದು ಅವಳಿಗೆ ಸಿಟ್ಟು ಬಂತು, ಆದರೆ ಹೇಸಿಗೆ ತಂದದ್ದು ತನ್ನವರು. ಓಣಿಯ ಹಿರಿಯ ಹಯಾತ ಮನೆಗೆ ಬಂದು ಕೂತು, ಚಹಾ ಕುಡಿದು, "ಒಂದು ವಿಡಿಯೊ ಮಾಡಿ ಮಾಫಿ ಕೇಳಿಬಿಡ್ಲಿ ಫಕ್ರುಸಾಬ. ತಣ್ಣಗಾಗ್ತೈತಿ," ಎಂದ.

"ಯಾವ ತಪ್ಪಿಗೆ?" ಎಂದು ಒಳಗಿನಿಂದ ದಿಲ್ಶಾದ ಕೇಳಿದಳು.

"ತಪ್ಪು ಐತಿ ಅಂತ ಯಾರಂದ್ರು? ಮಾಫಿ ಕೇಳಿದ್ರ ಏನ್ ಹೋಗ್ತೈತಿ?"

ಇರ್ಫಾನ ತಲೆ ಆಡಿಸಿದ. ಅವನು ಆಗಲೇ ತಾನು ಹಂಚಿದ್ದನ್ನೆಲ್ಲ ಅಳಿಸಿಕೊಂಡು, ಅಂಗಡಿಯ ಬಾಗಿಲಿಗೆ ದೊಡ್ಡ ಬಾವುಟ ಕಟ್ಟಿ ಬಂದಿದ್ದ. "ನಿನ್ನ ಸಲುವಾಗಿ ನಾವು ಸಾಯಬೇಕೇನು? ಕಸೂತಿ, ಹೊಲಿಗಿ ಬಿಟ್ಟು ಹೆಂಗಸು ವಿಮಾನ ಮಾಡ್ತಾಳಂತ," ಎಂದು ಹಿರಿಯನ ಮುಂದೆಯೇ ಅಂದ. ಫಕ್ರುಸಾಬ ಮಗನ ಮಾತನ್ನು ಅಲ್ಲಿಗೇ ಬಿಟ್ಟ. ಹಿರಿಯನಿಗೆ ಮಾತ್ರ, "ನನ್ನ ಮಗಳು ಮಾಫಿ ಕೇಳೋದಿಲ್ರಿ. ಚಾ ಆತಲ್ರಿ?" ಎಂದು ಎದ್ದು ನಿಂತ. ಹಯಾತ ಹೋದ ಮೇಲೆ, ಮಗಳು ಎರಡು ದಿನದಿಂದ ಏನೂ ತಿಂದಿಲ್ಲವೆಂದು ಎಳೆಯ ಎಲೆಯೊಂದನ್ನು ತೊಳೆದು, ಲವಂಗ ಚುಚ್ಚಿ ತಂದುಕೊಟ್ಟ. ಅಂಗೈಯ ಮೇಲೆ ಕೂತ ಆ ಆಕಾರ ನೋಡಿದ್ದೇ ಅವಳು ಎಲೆಯನ್ನು ಅಲ್ಲೇ ಇಟ್ಟು ಎದ್ದಳು. ಬಚ್ಚಲಿಗೆ ಓಡಿದಳು. ಅಪ್ಪನ ಎಲೆಯೂ ತನಗೆ ಹೀಗೆ ಕಾಣುವಂತೆ ಮಾಡಿದರಲ್ಲ ಎಂದು ಅಲ್ಲಿ ಕೂತು ಅತ್ತಳು. ಈ ಇಡೀ ಪ್ರಕರಣದಲ್ಲಿ ಅವಳು ಅತ್ತದ್ದು ಅದೊಂದೇ ಸಲ.

ಠಾಣೆಯಿಂದ ಕರೆ ಬಂತು. ಅಪ್ಪನ ಜೊತೆ ಹೋದಳು. ಅಧಿಕಾರಿ ಫೈಲು ನೋಡಿದ, ಸ್ಪರ್ಧೆಗೆ ಕಳಿಸಿದ್ದ ಮೇಲ್ ನೋಡಿದ, ಅವನಿಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇದು ಆಟದ ಸಾಮಾನು. ಗೊತ್ತಾತು. ಹೋಗ್ರಿ. ಆದ್ರ ಅದನ್ನ ಅಳಿಸಿಬಿಡ್ರಿ, ಯಾಕ ಬೇಕು ತಲಿನೋವು."

"ಸುಳ್ಳು ಹಾಕಿದವರದನ್ನ ಅಳಸಸ್ರಿ ಸಾಹೇಬ್ರ," ಎಂದಳು ದಿಲ್ಶಾದ.

"ಅದು ಎಲ್ಲೆಲ್ಲಿ ಹೋಗೇತೋ ಯಾರಿಗೆ ಗೊತ್ತು? ನಿಮ್ಮದು ಒಂದ ಕಡೆ ಐತಿ, ಅಳಸೋದು ಹಗುರ." ಆಮೇಲೆ ದನಿ ಇಳಿಸಿ, ಸ್ನೇಹದಿಂದಲೇ, "ನಮ್ಮ ಮಗಳದು ಹುಟ್ಟುಹಬ್ಬ ಐತಿ ಮುಂದಿನ ವಾರ. ನಿಮ್ಮ ಕೈ ಚಲೋ ಐತಿ. ಒಂದು ಬ್ಯಾನರ್ ಮಾಡಿಕೊಡ್ರಲ್ಲ," ಎಂದ.

ಹೊರಗೆ ಬರುವಾಗ ಒಬ್ಬ ಪೇದೆ ಅವಳ ಪಕ್ಕಕ್ಕೆ ಬಂದು ನಿಂತು ಮೊಬೈಲು ಎತ್ತಿ ಹಿಡಿದ, ಸೆಲ್ಫಿಗೆ. ದಿಲ್ಶಾದ ಅಂಗೈಯನ್ನು ಕ್ಯಾಮೆರಾಕ್ಕೆ ಅಡ್ಡ ಹಿಡಿದು ಮುಂದೆ ನಡೆದಳು. ಬ್ಯಾನರನ್ನು ಅವಳು ಮಾಡಿಕೊಡಲಿಲ್ಲ. ಫೈಲನ್ನು ಅಳಿಸಲೂ ಇಲ್ಲ. ಶಂಭುಲಿಂಗ ಫೋನು ಮಾಡಿ, "ಸ್ವಲ್ಪ ದಿನ ಬರಬ್ಯಾಡ ತಂಗಿ, ಆಮ್ಯಾಲೆ ನೋಡೂಣು," ಎಂದ. ಅವಳು ಮತ್ತೆ ಆ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಗಡಿಯ ಗದ್ದಲ ತಣ್ಣಗಾದಂತೆ ಜನ ಬೇರೆ ವಿಷಯಕ್ಕೆ ಹೋದರು. ಯಾರೂ ತಾವು ಬರೆದದ್ದು ತಪ್ಪೆಂದು ಹೇಳಲಿಲ್ಲ. ಆಗ ಹುಬ್ಬಳ್ಳಿಯ ಆಟದ ಕಂಪನಿಯಿಂದ ನದೀಮ ಎಂಬಾತ ಫೋನು ಮಾಡಿದ. ಬಲು ಮೆತ್ತಗಿನ ಮಾತು.

"ನಿಮಗ ಅನ್ಯಾಯ ಆಗೇತಿ ಮೇಡಂ. ನಮಗ ಭಾಳ ಕೆಟ್ಟ ಅನಿಸ್ತು. ಈಗ ನಿಮ್ಮ ವಿಮಾನ ನಾವು ತಗೋತೇವಿ. ಅದು ಈಗ ಎಲ್ಲಾರಿಗೂ ಗೊತ್ತೈತಿ. ಜೋಡಿಗೆ ನಿಮ್ಮದೂ ಒಂದು ವಿಡಿಯೊ ಇರ್ಲಿ, ಗೂಢಚಾರಿಣಿ ಅಂದವರಿಗೆ ಉತ್ತರ ಕೊಟ್ಟಂಗ. ಅಳೋದೂ ಬಂದ್ರ ಚಲೋನ."

"ಆಟದಾಗ ಅದು ಏನ್ ಮಾಡ್ತೈತ್ರಿ?"

"ಯುದ್ಧವಿಮಾನ ಏನ್ ಮಾಡ್ತೈತೋ ಅದನ್ನ ಮೇಡಂ. ಊರು ಇರ್ತಾವ. ಕೆಡವಿದಂಗ ಪಾಯಿಂಟ್."

ನಾಗಪ್ಪ, ಹಯಾತ, ಶಂಭುಲಿಂಗ ಇವರೆಲ್ಲರಿಗಿಂತ ಈ ಮೆತ್ತನೆಯ ದನಿ ಅವಳಿಗೆ ಹೆಚ್ಚು ಅಸಹ್ಯ ತಂದಿತು. ಹಾಗೆಂದು ಹೇಳಲು ಹೊರಟವಳು ಅರ್ಧಕ್ಕೆ ನಿಂತಳು. ಹೊಟ್ಟೆಯಲ್ಲಿ ಬಾಗಿಲು ಇಟ್ಟವಳು ತಾನೇ. ತಾಯಿ ಕೇಳಿದ್ದಳು, ತಾನು ಉತ್ತರವನ್ನೂ ಕೊಟ್ಟಿದ್ದಳು. ಕಾಣದಂತೆ ಹೋಗುವುದು ಹೇಗೆಂದು ಎರಡು ವರ್ಷ ಯೋಚಿಸಿದ್ದಳು. ಹೋಗಿ ಏನು ಮಾಡುತ್ತದೆ ಎಂಬುದನ್ನು ಒಂದು ದಿನವೂ ಪೂರ್ತಿ ಯೋಚಿಸಿರಲಿಲ್ಲ.

"ಕೊಡೋದಿಲ್ರಿ," ಎಂದು ಫೋನು ಇಟ್ಟಳು. ಆಮೇಲೆ ಆ ಫೈಲನ್ನು ತೆರೆಯಲಿಲ್ಲ.

ಈಗ ಅವಳು ಅಕ್ಕಿಆಲೂರಿನಲ್ಲಿದ್ದಾಳೆ. ಅಲ್ಲಿ ಅಕ್ಕಿ ಗಿರಣಿಗಳಿಗೆ ಜರಡಿ, ಪಂಖ, ಕಾಳು ಮೇಲೆತ್ತುವ ಯಂತ್ರ ಮಾಡಿಕೊಡುವ ಕಾರ್ಖಾನೆಯೊಂದಿದೆ. ಗಂಡ ತೀರಿದ ಮೇಲೆ ಶಿವಬಸವ್ವ ಎಂಬ ಹೆಂಗಸು ಅದನ್ನು ನಡೆಸುತ್ತಾಳೆ. ಯಂತ್ರದ ನಕ್ಷೆ ತೆಗೆಯುವವರು ಬೇಕೆಂದು ಯಾರೋ ಹೇಳಿ ದಿಲ್ಶಾದ ಹೋದಾಗ ಆಕೆ ಕನ್ನಡಕದ ಮೇಲಿನಿಂದ ನೋಡಿ ಕೇಳಿದಳಂತೆ: "ಆ ವಿಮಾನದಾಕಿ ನೀನೇನು?"

"ಹೌದ್ರಿ."

"ನಮಗ ವಿಮಾನ ಬ್ಯಾಡವಾ. ಹೊಟ್ಟು ಹೊರಗ ಹೋಗ್ಬೇಕು, ಅಕ್ಕಿ ಒಳಗ ಉಳೀಬೇಕು. ಅಷ್ಟು ಆಗೂವಂಗ ಮಾಡ್ತಿಯೇನು?"

ಅಷ್ಟು ಆಗುವಂತೆ ಮಾಡುವುದನ್ನು ಅವಳು ಕಲಿತಿದ್ದಾಳೆ. ಕೆಲಸ ಅವಳಿಗೆ ಹಿಡಿಸಿದೆ. ವಾರಕ್ಕೊಮ್ಮೆ ಸವಣೂರಿಗೆ ಹೋಗುತ್ತಾಳೆ, ಅಪ್ಪ ಅಮ್ಮನ ಜೊತೆ ಮಾತನಾಡುತ್ತಾಳೆ. ಅಣ್ಣನ ಜೊತೆ ಇಲ್ಲ.

ಕಳೆದ ಸುಗ್ಗಿಯಲ್ಲಿ ಜರಡಿಯ ಅಳತೆ ತೆಗೆಯಲು ಚಿಕ್ಕೇರೂರಿನ ಕಡೆಯ ಒಂದು ಗಿರಣಿಗೆ ಹೋಗಿದ್ದಳು. ಮಾಲಕರು ಬರುವವರೆಗೆ ಕೂತಿರಿ ಎಂದು ಗುಮಾಸ್ತ ಬೆಂಚು ತೋರಿಸಿದ. ಅವನಿಗೆ ಐವತ್ತರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಕೂತಲ್ಲೇ ಮೊಬೈಲಿನಲ್ಲಿ ಆಟ ಆಡುತ್ತಿದ್ದ. ಸದ್ದು ಕೇಳಿ ಅವಳು ಕಣ್ಣು ಹಾಯಿಸಿದಳು. ಕರಿಎಲೆಯೇ. ನದೀಮನ ಕಂಪನಿಯವರು ಕೊಡದಿದ್ದನ್ನೂ ತೆಗೆದುಕೊಂಡಿದ್ದರು. ಕಳ್ಳತನ ಗೊತ್ತಾಗದಿರಲೆಂದು ಕೆಂಪು ಬಣ್ಣ ಬಳಿದು, ಹಿಂದೆ ಎರಡು ಬಾಲ ನೆಟ್ಟಗೆ ನಿಲ್ಲಿಸಿದ್ದರು. ಹೊಟ್ಟೆಯ ಬಾಗಿಲು ತೆರೆದುಕೊಳ್ಳುತ್ತಿತ್ತು, ಕೆಳಗೆ ಹೆಂಚಿನ ಮನೆಗಳು ಒಂದೊಂದಾಗಿ ಹೊಗೆಯಾಗುತ್ತಿದ್ದವು. ಗುಮಾಸ್ತ ಪ್ರತಿ ಮನೆಗೂ ತುಟಿಯಲ್ಲೇ ಎಣಿಸಿಕೊಳ್ಳುತ್ತಿದ್ದ.

ಆ ಬಾಲ ಇಟ್ಟರೆ ಎಷ್ಟು ದೂರದಿಂದಲಾದರೂ ರಾಡಾರಿಗೆ ಸಿಗುತ್ತದೆ ಎಂಬುದು ಅವಳ ತಲೆಗೆ ಮೊದಲು ಹೊಳೆದ ಮಾತು. ಮನೆಗಳ ಯೋಚನೆ ಬಂದದ್ದು ಅದರ ನಂತರ. ಆ ಕ್ರಮ ತಿಳಿದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವಳು ನೋಡುತ್ತಿರುವುದನ್ನು ಕಂಡು ಗುಮಾಸ್ತ ನಗುತ್ತ ಮೊಬೈಲು ಚಾಚಿದ. "ಭಾರೀ ಆಟ ನೋಡ್ರಿ ಅಕ್ಕಾರ. ಟೈಂ ಪಾಸ್ ಆಗ್ತೈತಿ. ನೀವೂ ಒಂದ್ಸಲ ಹೊಡೀರಿ."

ದಿಲ್ಶಾದ ಎದ್ದು ಹೊರಗೆ ಬಂದಳು. ಗಿರಣಿಯ ಹಿಂದೆ ಹೊಟ್ಟು ದೊಡ್ಡ ಗುಡ್ಡೆಯಾಗಿ ಬೀಳುತ್ತಿತ್ತು, ಗಾಳಿಗೆ ಅದರ ಧೂಳು ಅಂಗಳದ ತುಂಬ. ಸೆರಗಿನಿಂದ ಮೂಗು ಮುಚ್ಚಿಕೊಂಡು ಅಲ್ಲೇ ನಿಂತಳು. ಚಹಾ ಬಂತೆಂದು ಗುಮಾಸ್ತ ಒಳಗಿನಿಂದ ಕೂಗಿದ. ಬ್ಯಾಡ್ರಿ ಎಂದಳು. ಮಾಲಕರು ಬಂದ ಮೇಲೆ ಜರಡಿಯ ಅಳತೆ ತೆಗೆದುಕೊಂಡು, ಅಕ್ಕಿಆಲೂರಿನ ಮೇಲೆ ಹೋಗುವ ಹಾನಗಲ್ಲಿನ ಬಸ್ಸು ಎಷ್ಟೊತ್ತಿಗೆ ಎಂದು ಹಮಾಲರನ್ನು ಕೇಳಿ ತಿಳಿದುಕೊಂಡು ಹೊರಟಳು.